ಪಾಡ್‌ಕಾಸ್ಟ್ ಆ್ಯಪ್ ನಿಲ್ಲುತ್ತಿದೆಯಾ? ನಿಮ್ಮ ಶೋಗಳನ್ನು ಉಳಿಸಿಕೊಳ್ಳುವ ದಾರಿ ಇಲ್ಲಿದೆ

ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ. 52 ನಿಮಿಷದ ಎಪಿಸೋಡ್, ಅರ್ಧ ದಾಟಿತ್ತು. ನಡುವೆ ಒಂದು ಮಾತು ಸರಿಯಾಗಿ ಕೇಳಿಸಲಿಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ ಅಂತ ಕೈ ಒರೆಸಿಕೊಂಡು ಫೋನ್ ತೆಗೆದೆ. ಪರದೆಯ ಮೇಲ್ಗಡೆ ಒಂದು ಸೂಚನೆ ಕೂತಿತ್ತು. ಈ ಆ್ಯಪ್ ನಿಲ್ಲಿಸುತ್ತಿದ್ದೇವೆ, ಇಂಥ ದಿನದೊಳಗೆ ನಿಮ್ಮ ಶೋಗಳನ್ನು ಬೇರೆ ಕಡೆ ಸಾಗಿಸಿಕೊಳ್ಳಿ ಅಂತ. ಮೂಲೆಯಲ್ಲಿದ್ದ ಗುಣಿಸು ಗುರುತು ಒತ್ತಿ ಮತ್ತೆ ಪಾತ್ರೆಗೆ ಕೈ ಹಾಕಿದೆ. ಇನ್ನೂ ತಿಂಗಳುಗಟ್ಟಲೆ ಟೈಮ್ ಇದೆಯಲ್ಲ, ಆಮೇಲೆ ನೋಡಿದರಾಯಿತು ಅನ್ನಿಸಿತು.

ಆ ‘ಆಮೇಲೆ’ ಬರಲೇ ಇಲ್ಲ. ನೆನಪಾಗಿ ಆ್ಯಪ್ ತೆರೆಯುವ ಹೊತ್ತಿಗೆ ಪಟ್ಟಿ ಪೂರ್ತಿ ಖಾಲಿ. ವರ್ಷಗಟ್ಟಲೆ ಒಂದೊಂದಾಗಿ ಸೇರಿಸಿಕೊಂಡಿದ್ದ 80ಕ್ಕೂ ಜಾಸ್ತಿ ಶೋಗಳು. ನೆನಪಿನಿಂದ ಬರೆಯಲು ಕೂತರೆ 30ಕ್ಕೆ ಬಂದು ನಿಂತುಬಿಟ್ಟೆ. ದಿನಾ ಕೇಳುವ ಶೋಗಳ ಹೆಸರು ಬಾಯಲ್ಲೇ ಇರುತ್ತದೆ. ವರ್ಷಕ್ಕೆ ಎರಡೇ ಎಪಿಸೋಡ್ ಬಿಡುವ, ಬಂದ ದಿನ ಮನಸ್ಸಿಗೆ ಹಬ್ಬ ತರುವ ಶೋಗಳಿರುತ್ತವಲ್ಲ, ಅವು ಮರೆತುಹೋಗುತ್ತವೆ. ನನ್ನ ಕೈತಪ್ಪಿದ್ದು ಅವೇ.

ಆ ಬೇಜಾರು ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ್ಯಪ್ ನಿಲ್ಲುತ್ತದೆ ಅಂತ ಗೊತ್ತಾದ ದಿನವೇ ಒಂದು ಅರ್ಧ ಗಂಟೆ ಕೂತರೆ, ನನಗಾದದ್ದು ನಿಮಗೆ ಆಗುವುದಿಲ್ಲ.

ಸಿಟ್ಟು ಬರುವುದು ತಪ್ಪಲ್ಲ

‘ಬರೀ ಒಂದು ಆ್ಯಪ್ ತಾನೇ, ಇನ್ನೊಂದು ಹಾಕಿಕೊಂಡರಾಯಿತು’ ಅನ್ನುವವರು ಸುತ್ತಮುತ್ತ ಬೇಕಾದಷ್ಟು ಜನ ಸಿಗುತ್ತಾರೆ. ಪಾಡ್‌ಕಾಸ್ಟ್ ಕೇಳುವವರಿಗೆ ಮಾತ್ರ ಅದರ ಸಂಕಟ ಗೊತ್ತು. ಬೆಳಗಿನ ವಾಕಿಂಗ್‌ಗೆ ಒಂದು ದನಿ, ಅಡುಗೆಗೆ ಒಂದು ದನಿ, ನಿದ್ದೆ ಬಾರದ ರಾತ್ರಿಗೆ ಇನ್ನೊಂದು ದನಿ. ಫೋನ್ ನೋಡದೆಯೇ ಬೆರಳು ಎಲ್ಲಿ ಒತ್ತಬೇಕೋ ಅಲ್ಲಿಗೆ ಹೋಗುವಷ್ಟು ರೂಢಿಯಾಗಿರುತ್ತದೆ. ಅದನ್ನು ಯಾರೋ ಎಲ್ಲೋ ಕೂತು ಒಂದು ದಿನಾಂಕ ಹಾಕಿ ಮುಚ್ಚಿಬಿಟ್ಟರೆ ನೋವಾಗದೆ ಇರುತ್ತದೆಯೇ?

ಜನ ಕಡಿಮೆಯಾದರು ಅಂತಲೇ ಆ್ಯಪ್ ಮುಚ್ಚುತ್ತಾರೆ ಅಂದುಕೊಳ್ಳಬೇಡಿ. ಗೂಗಲ್ ಪಾಡ್‌ಕಾಸ್ಟ್ಸ್ 2018ರಲ್ಲಿ ಬಂತು. ಪ್ಲೇ ಸ್ಟೋರ್‌ನಲ್ಲಿ 50 ಕೋಟಿಗಿಂತ ಜಾಸ್ತಿ ಸಲ ಇನ್‌ಸ್ಟಾಲ್ ಆಗಿದ್ದ ಆ್ಯಪ್ ಅದು. ಆದರೂ 2023ರ ಸೆಪ್ಟೆಂಬರ್‌ನಲ್ಲಿ, ಮುಂದಿನ ವರ್ಷ ಇದನ್ನು ನಿಲ್ಲಿಸುತ್ತೇವೆ, ಇನ್ನು ಯೂಟ್ಯೂಬ್ ಮ್ಯೂಸಿಕ್‌ಗೆ ಬನ್ನಿ ಅಂತ ಕಂಪನಿ ಹೇಳಿತು. 2024ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ, ಜೂನ್‌ನಲ್ಲಿ ಉಳಿದ ದೇಶಗಳಲ್ಲಿ ಬಾಗಿಲು ಹಾಕಿತು. 2008ರಿಂದ ಇದ್ದ ಸ್ಟಿಚರ್ ಅದಕ್ಕೂ ಮುಂಚೆ, 2023ರ ಆಗಸ್ಟ್ 29ರಂದು ನಿಂತಿತ್ತು. ಅದನ್ನು 2020ರಲ್ಲಿ ಕೊಂಡಿದ್ದ ಸಿರಿಯಸ್‌ಎಕ್ಸ್‌ಎಮ್ ಕಂಪನಿ, ತನ್ನ ಮುಖ್ಯ ಆ್ಯಪ್‌ನಲ್ಲೇ ಪಾಡ್‌ಕಾಸ್ಟ್ ಇರಲಿ ಅಂತ ತೀರ್ಮಾನಿಸಿತ್ತು. ಎರಡರಲ್ಲೂ ಕಾರಣ ಒಂದೇ ಥರದ್ದು. ಕಂಪನಿಗೆ ಎಲ್ಲ ಕೇಳುಗರೂ ಒಂದೇ ದೊಡ್ಡ ಆ್ಯಪ್‌ನಲ್ಲಿ ಇದ್ದರೆ ಅನುಕೂಲ. ಹಗುರವಾಗಿ, ಪಾಡ್‌ಕಾಸ್ಟ್ ಮಾತ್ರ ಇರುವ ಆ್ಯಪ್ ಬೇಕು ಅನ್ನುವ ನಮ್ಮ ಅನುಕೂಲ ಬೇರೆ.

ಮೊದಲು ಇದೊಂದು ತಿಳಿದುಕೊಳ್ಳಿ: ಶೋಗಳು ಆ್ಯಪ್‌ನಲ್ಲಿ ಇರುವುದಿಲ್ಲ

ಇದು ಅರ್ಥವಾದರೆ ಅರ್ಧ ಗಾಬರಿ ಇಳಿಯುತ್ತದೆ. ಪಾಡ್‌ಕಾಸ್ಟ್ ಮಾಡುವವರು ತಮ್ಮ ಆಡಿಯೋ ಕಡತಗಳನ್ನು ಯಾವುದೋ ಒಂದು ಸರ್ವರ್‌ನಲ್ಲಿ ಇಟ್ಟಿರುತ್ತಾರೆ. ಅದರ ಜೊತೆಗೆ ಒಂದು ಫೀಡ್ ಇರುತ್ತದೆ. ಆರ್‌ಎಸ್‌ಎಸ್ ಫೀಡ್ ಅನ್ನುತ್ತಾರೆ. ಅದು ಬೇರೇನಲ್ಲ, ಯಾವ ಎಪಿಸೋಡ್ ಯಾವತ್ತು ಬಂತು, ಹೆಸರೇನು, ಆಡಿಯೋ ಎಲ್ಲಿದೆ ಅಂತ ಬರೆದಿಟ್ಟ ಒಂದು ಪಟ್ಟಿ. ಆ ಪಟ್ಟಿಗೆ ಒಂದು ವೆಬ್ ವಿಳಾಸ ಇರುತ್ತದೆ. ನೀವು ‘ಸಬ್‌ಸ್ಕ್ರೈಬ್’ ಅಂತ ಒತ್ತಿದಾಗ ಆ್ಯಪ್ ಮಾಡುವುದು ಇಷ್ಟೇ: ಆ ವಿಳಾಸ ಬರೆದಿಟ್ಟುಕೊಂಡು, ಆಗಾಗ ಹೋಗಿ ಹೊಸದು ಬಂದಿದೆಯಾ ಅಂತ ನೋಡಿ ಬರುವುದು.

ಈ ಏರ್ಪಾಡು ಇವತ್ತಿನದಲ್ಲ. ಫೀಡ್‌ಗೆ ಆಡಿಯೋ ಕಡತ ಲಗತ್ತಿಸುವ ವ್ಯವಸ್ಥೆಯನ್ನು ಅಮೆರಿಕದ ಸಾಫ್ಟ್‌ವೇರ್ ಡೆವಲಪರ್ ಡೇವ್ ವೈನರ್ 2000ದಲ್ಲೇ ಆರ್‌ಎಸ್‌ಎಸ್‌ಗೆ ಸೇರಿಸಿದ್ದರು. ಪಾಡ್‌ಕಾಸ್ಟಿಂಗ್ ಅನ್ನುವ ಹೆಸರು ಹುಟ್ಟಿದ್ದು 2004ರಲ್ಲಿ. ಆ್ಯಪಲ್ 2005ರ ಜೂನ್‌ನಲ್ಲಿ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ತಂದಿತು. ಅವತ್ತಿನಿಂದ ಇವತ್ತಿನವರೆಗೆ ಎಷ್ಟೋ ಆ್ಯಪ್‌ಗಳು ಬಂದು ಹೋಗಿವೆ, ಫೀಡ್ ಮಾತ್ರ ಹಾಗೇ ಇದೆ.

ಹಾಗಾಗಿ ಆ್ಯಪ್ ನಿಂತರೆ ನಿಮ್ಮ ಶೋ ನಿಲ್ಲುವುದಿಲ್ಲ. ಹೋಗುವುದು ವಿಳಾಸ ಬರೆದಿಟ್ಟ ಪುಸ್ತಕ. ಆ ಪುಸ್ತಕದ ಒಂದು ಪ್ರತಿ ನಿಮ್ಮ ಕೈಲಿದ್ದರೆ ಯಾವ ಆ್ಯಪ್‌ಗೆ ಬೇಕಾದರೂ ಹೋಗಬಹುದು. ಕಂಪನಿಯ ಒಡೆತನದಲ್ಲಷ್ಟೇ ಇರುವ, ಅದರ ಆ್ಯಪ್‌ನಲ್ಲಿ ಮಾತ್ರ ಸಿಗುವ ಶೋಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಂಥವಕ್ಕೆ ಹೊರಗೆ ಫೀಡ್ ಇರುವುದಿಲ್ಲ.

ಹಂತ 1: ದಿನಾಂಕಗಳನ್ನು ಬರೆದುಕೊಳ್ಳಿ, ಆ್ಯಪ್ ತೆಗೆಯಬೇಡಿ

ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಎರಡು ದಿನಾಂಕ ಇರುತ್ತವೆ. ಒಂದು, ಕೇಳುವುದು ನಿಲ್ಲುವ ದಿನ. ಇನ್ನೊಂದು, ನಿಮ್ಮ ಪಟ್ಟಿಯನ್ನು ಹೊರಗೆ ತೆಗೆದುಕೊಳ್ಳಲು ಇರುವ ಕೊನೆಯ ದಿನ. ಗೂಗಲ್ ಪಾಡ್‌ಕಾಸ್ಟ್ಸ್ ನಿಂತಾಗ ಹೀಗೇ ಆಗಿತ್ತು. ಜೂನ್‌ನಲ್ಲಿ ಕೇಳುವುದು ನಿಂತ ಮೇಲೂ ಜುಲೈವರೆಗೆ ಪಟ್ಟಿ ಸಾಗಿಸಿಕೊಳ್ಳಲು ಅವಕಾಶ ಇತ್ತು. ಎರಡನೇ ದಿನಾಂಕ ನಂಬಿಕೊಂಡು ಕೂರಬೇಡಿ. ಕ್ಯಾಲೆಂಡರ್‌ನಲ್ಲಿ ಮೊದಲನೆಯ ದಿನಾಂಕಕ್ಕಿಂತ ಒಂದು ತಿಂಗಳು ಮುಂಚೆ ಗುರುತು ಹಾಕಿ.

ಸಿಟ್ಟಿನಲ್ಲಿ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೋ ಆ್ಯಪ್‌ಗಳು ಪಟ್ಟಿಯನ್ನು ಫೋನ್‌ನಲ್ಲೇ ಇಟ್ಟಿರುತ್ತವೆ, ಆ್ಯಪ್ ತೆಗೆದ ಕೂಡಲೇ ಪಟ್ಟಿಯೂ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಡೇಟಾ ಅಳಿಸಿ’ ಅನ್ನುವುದನ್ನೂ ಒತ್ತಬೇಡಿ. ಫೋನ್ ಬದಲಾಯಿಸುವ ಯೋಚನೆ ಇದ್ದರೆ ಈ ಕೆಲಸ ಮುಗಿಯುವವರೆಗೆ ತಡೆಯಿರಿ.

ಹಂತ 2: ಒಪಿಎಂಎಲ್ ಕಡತ ತೆಗೆಯಿರಿ

ಈ ಇಡೀ ಬರಹದಲ್ಲಿ ಒಂದೇ ಒಂದು ಪದ ನೆನಪಿಟ್ಟುಕೊಳ್ಳಬೇಕು ಅಂದರೆ ಅದು ಒಪಿಎಂಎಲ್. ನಿಮ್ಮ ಎಲ್ಲ ಶೋಗಳ ಹೆಸರು ಮತ್ತು ಫೀಡ್ ವಿಳಾಸ ಇರುವ ಪುಟ್ಟ ಕಡತ ಅದು. ನೂರು ಶೋ ಇದ್ದರೂ ಒಂದು ಫೋಟೋಗಿಂತ ಎಷ್ಟೋ ಚಿಕ್ಕದು. ಬಹುಪಾಲು ಪಾಡ್‌ಕಾಸ್ಟ್ ಆ್ಯಪ್‌ಗಳು ಇದನ್ನು ಓದುತ್ತವೆ.

ಎಲ್ಲಿ ಸಿಗುತ್ತದೆ? ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ. ‘ಎಕ್ಸ್‌ಪೋರ್ಟ್’, ‘ಇಂಪೋರ್ಟ್ ಆ್ಯಂಡ್ ಎಕ್ಸ್‌ಪೋರ್ಟ್’, ‘ಬ್ಯಾಕಪ್’ ಇಂಥ ಹೆಸರಿನಲ್ಲಿ ಇರುತ್ತದೆ. ಅಲ್ಲಿಲ್ಲದಿದ್ದರೆ ಪ್ರೊಫೈಲ್ ಚಿತ್ರ ಒತ್ತಿ ನೋಡಿ. ಮುಚ್ಚುವ ಪ್ರಕಟಣೆಯಲ್ಲೇ ಒಂದು ಬಟನ್ ಕೊಟ್ಟಿರುವುದೂ ಉಂಟು. ಅಲ್ಲಿ ಸ್ವಲ್ಪ ಎಚ್ಚರ ಬೇಕು. ‘ನಮ್ಮ ಇನ್ನೊಂದು ಆ್ಯಪ್‌ಗೆ ಸಾಗಿಸಿ’ ಅನ್ನುವ ಬಟನ್ ದೊಡ್ಡದಾಗಿರುತ್ತದೆ. ‘ಕಡತ ಡೌನ್‌ಲೋಡ್ ಮಾಡಿ’ ಅನ್ನುವುದು ಅದರ ಕೆಳಗೆ ಸಣ್ಣಗೆ ಇರುತ್ತದೆ. ಆ ಕಂಪನಿಯ ಹೊಸ ಆ್ಯಪ್‌ಗೇ ಹೋಗುವವರಾದರೂ ಸರಿ, ಮೊದಲು ಕಡತ ಡೌನ್‌ಲೋಡ್ ಮಾಡಿಕೊಳ್ಳಿ. ಕಂಪನಿಯಿಂದ ಕಂಪನಿಗೆ ನೇರವಾಗಿ ಹೋದ ಪಟ್ಟಿ ನಿಮ್ಮ ಕೈಗೆ ಬಂದಂತಲ್ಲ.

ಕಡತ ಬಂತು ಅಂತ ಅಷ್ಟಕ್ಕೇ ಬಿಡಬೇಡಿ. ತೆರೆದು ನೋಡಿ. ಕಂಪ್ಯೂಟರ್‌ನಲ್ಲಿ ನೋಟ್‌ಪ್ಯಾಡ್ ಥರದ ಯಾವುದೇ ಸಾದಾ ಬರಹದ ಆ್ಯಪ್‌ನಲ್ಲಿ ತೆರೆಯುತ್ತದೆ. ಮೊದಲ ಸಲ ನೋಡಿದವರಿಗೆ ಚಿಹ್ನೆಗಳ ಕಾಡು ಅನ್ನಿಸಬಹುದು. ನಿಧಾನವಾಗಿ ನೋಡಿದರೆ ಒಂದೊಂದು ಶೋಗೂ ಒಂದೊಂದು ಸಾಲು ಇರುತ್ತದೆ, ಪ್ರತಿ ಸಾಲೂ ‘ಔಟ್‌ಲೈನ್’ (outline) ಅನ್ನುವ ಪದದಿಂದ ಶುರುವಾಗುತ್ತದೆ. ಅದರೊಳಗೆ ಶೋನ ಹೆಸರು, ಮುಂದಕ್ಕೆ ಫೀಡ್‌ನ ವಿಳಾಸ. ನಾನು ಈಗ ಮಾಡುವುದು ಹೀಗೆ: ಹುಡುಕುವ ಪೆಟ್ಟಿಗೆಯಲ್ಲಿ ಫೀಡ್ ವಿಳಾಸದ ಮುಂದೆ ಬರುವ ‘ಎಕ್ಸ್‌ಎಂಎಲ್ ಯುಆರ್‌ಎಲ್’ (ಇಂಗ್ಲಿಷಿನಲ್ಲಿ, ಜಾಗ ಬಿಡದೆ xmlUrl) ಅನ್ನುವ ಪದವನ್ನು ಹಾಕುತ್ತೇನೆ. ಅದು ಎಷ್ಟು ಸಲ ಸಿಗುತ್ತದೋ ಅಷ್ಟು ಶೋಗಳು ಕಡತದಲ್ಲಿವೆ ಅಂತ ಲೆಕ್ಕ. ಆ್ಯಪ್‌ನಲ್ಲಿರುವ ಶೋಗಳ ಸಂಖ್ಯೆಗೆ ಅದು ತಾಳೆಯಾಗಬೇಕು. ಎರಡು ಮೂರು ಕಡಿಮೆ ಬಂದರೆ ಯಾವುದು ಬಿಟ್ಟುಹೋಯಿತು ಅಂತ ಆಗಲೇ ಹುಡುಕಿ, ಹಳೆ ಆ್ಯಪ್ ಇನ್ನೂ ಬದುಕಿರುವಾಗ.

ಕಡತವನ್ನು ಎರಡು ಕಡೆ ಇಡಿ. ನಿಮಗೆ ನೀವೇ ಒಂದು ಇಮೇಲ್ ಕಳಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ.

ಇನ್ನೊಂದು ಮಾತು. ದುಡ್ಡು ಕೊಟ್ಟು ಕೇಳುವ ಶೋಗಳಿಗೆ ಕೆಲವೊಮ್ಮೆ ನಿಮಗೇ ಅಂತ ಪ್ರತ್ಯೇಕ ಫೀಡ್ ವಿಳಾಸ ಕೊಟ್ಟಿರುತ್ತಾರೆ. ಆ ವಿಳಾಸವೇ ಬೀಗದ ಕೈ ಇದ್ದಹಾಗೆ. ಅದು ಒಪಿಎಂಎಲ್‌ನಲ್ಲಿ ಸೇರಿಕೊಂಡಿರಬಹುದು. ಹಾಗಾಗಿ ‘ನಾನು ಕೇಳುವ ಶೋಗಳು ನೋಡು’ ಅಂತ ಗೆಳೆಯರಿಗೆ ಆ ಕಡತ ಕಳಿಸುವ ಮುಂಚೆ ಅಂಥ ಸಾಲುಗಳನ್ನು ತೆಗೆದುಬಿಡಿ.

ಹಂತ 3: ಒಪಿಎಂಎಲ್‌ನಲ್ಲಿ ಬರದೆ ಇರುವುದು

ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಜನರಿಗೆ ಹೆಚ್ಚು ನೋವು ಕೊಡುವುದೂ ಇದೇ. ಒಪಿಎಂಎಲ್ ಶೋಗಳ ಪಟ್ಟಿಯನ್ನು ಮಾತ್ರ ಹೊರುತ್ತದೆ. ನೀವು ಯಾವ ಎಪಿಸೋಡ್ ಕೇಳಿ ಮುಗಿಸಿದ್ದೀರಿ, ಯಾವುದನ್ನು ಎಷ್ಟನೇ ನಿಮಿಷದಲ್ಲಿ ನಿಲ್ಲಿಸಿದ್ದೀರಿ, ಯಾವುದಕ್ಕೆ ನಕ್ಷತ್ರ ಹಾಕಿ ಇಟ್ಟಿದ್ದೀರಿ, ಮುಂದೆ ಕೇಳಬೇಕು ಅಂತ ಸಾಲಾಗಿ ಜೋಡಿಸಿದ್ದು, ಇದ್ಯಾವುದೂ ಅದರಲ್ಲಿ ಇರುವುದಿಲ್ಲ.

ಐನೂರು ಎಪಿಸೋಡ್ ಇರುವ ಒಂದು ಚರಿತ್ರೆಯ ಶೋವನ್ನು ಮೊದಲಿನಿಂದ ಕೇಳುತ್ತಾ ಬಂದು 212ನೆಯದರಲ್ಲಿ ಇದ್ದೀರಿ ಅಂದುಕೊಳ್ಳಿ. ಹೊಸ ಆ್ಯಪ್‌ಗೆ ಹೋದ ಕೂಡಲೇ ಐನೂರೂ ಕೇಳದ ಎಪಿಸೋಡ್‌ಗಳಾಗಿ ಎದುರಿಗೆ ನಿಲ್ಲುತ್ತವೆ. ಎಲ್ಲಿದ್ದೆ ಅಂತ ಹುಡುಕುವುದರಲ್ಲೇ ಸಾಕಾಗಿ ಆ ಶೋವನ್ನೇ ಕೈಬಿಟ್ಟವರು ನನಗೆ ಗೊತ್ತು.

ಇದಕ್ಕೆ ಕಾಗದ ಪೆನ್ನೇ ಮದ್ದು. ಸುಮ್ನೆ ಹೇಳುತ್ತಿಲ್ಲ. ಫೋನ್ ಒಂದು ಕೈಯಲ್ಲಿ ಹಿಡಿದು, ಸದ್ಯಕ್ಕೆ ನಡುವೆ ಇರುವ ಶೋಗಳನ್ನು ಮಾತ್ರ ಬರೆದುಕೊಳ್ಳಿ. ಎಲ್ಲರಿಗೂ ಅಂಥವು ಐದಾರು ಇರುತ್ತವೆ, ಹತ್ತು ದಾಟುವುದು ಕಡಿಮೆ. ಶೋನ ಹೆಸರು, ಎಪಿಸೋಡ್‌ನ ಹೆಸರು, ನಿಮಿಷ. ನಕ್ಷತ್ರ ಹಾಕಿದ ಎಪಿಸೋಡ್‌ಗಳಿಗೆ ಮತ್ತು ಮುಂದೆ ಕೇಳಲಿರುವ ಸಾಲಿಗೆ ಸ್ಕ್ರೀನ್‌ಶಾಟ್ ಸಾಕು, ಕೆಳಗಿನವರೆಗೂ ಸರಿಸುತ್ತಾ ಎಲ್ಲವನ್ನೂ ತೆಗೆದುಕೊಳ್ಳಿ.

ಡೌನ್‌ಲೋಡ್ ಮಾಡಿಟ್ಟ ಎಪಿಸೋಡ್‌ಗಳ ವಿಷಯಕ್ಕೆ ಬಂದರೆ, ಬಹುಪಾಲು ಆ್ಯಪ್‌ಗಳು ಅವನ್ನು ತಮ್ಮೊಳಗೇ ಬಚ್ಚಿಟ್ಟಿರುತ್ತವೆ, ಹೊರಗಿನಿಂದ ಕೈಗೆ ಸಿಗುವುದಿಲ್ಲ. ಶೋ ಇನ್ನೂ ಇದ್ದರೆ ಹೊಸ ಆ್ಯಪ್‌ನಲ್ಲಿ ಮತ್ತೆ ಇಳಿಸಿಕೊಳ್ಳಬಹುದು. ಆದರೆ ಶೋ ಮಾಡುವವರೇ ಹಳೆಯ ಎಪಿಸೋಡ್‌ಗಳನ್ನು ತೆಗೆದುಹಾಕಿದ್ದರೆ, ನಿಮ್ಮ ಹಳೆ ಆ್ಯಪ್‌ನಲ್ಲಿ ಇರುವುದೇ ಕೊನೆಯ ಪ್ರತಿ ಆಗಿರಬಹುದು. ಅಂಥದ್ದು ಇದ್ದರೆ ಆ್ಯಪ್ ತೆಗೆಯುವ ಮುಂಚೆ ಮನಸಾರೆ ಇನ್ನೊಂದು ಸಲ ಕೇಳಿಬಿಡಿ.

ಎಕ್ಸ್‌ಪೋರ್ಟ್ ಸೌಲಭ್ಯವೇ ಇಲ್ಲದಿದ್ದರೆ

ಕೆಲವು ಆ್ಯಪ್‌ಗಳು ಒಳಗೆ ಬಿಟ್ಟುಕೊಳ್ಳುತ್ತವೆ, ಹೊರಗೆ ಹೋಗಲು ಬಾಗಿಲು ಇಟ್ಟಿರುವುದಿಲ್ಲ. ಆಗ ಮೊದಲು ಕಂಪನಿಯ ಸಹಾಯ ವಿಭಾಗಕ್ಕೆ ಬರೆಯಿರಿ. ‘ನನ್ನ ಸಬ್‌ಸ್ಕ್ರಿಪ್ಶನ್ ಪಟ್ಟಿಯನ್ನು ಒಪಿಎಂಎಲ್ ರೂಪದಲ್ಲಿ ಕೊಡಿ’ ಅಂತ ಒಂದೇ ಸಾಲು ಸಾಕು. ಉತ್ತರಕ್ಕೆ ಕಾಯುತ್ತಾ ಕೂರದೆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಒಂದೇ ಹೆಸರಿನ ಶೋಗಳು ಬೇಕಾದಷ್ಟಿರುತ್ತವೆ, ಹಾಗಾಗಿ ಹೆಸರಿನ ಜೊತೆ ಶೋನ ಚಿತ್ರವೂ ಕಾಣುವಂತಿರಲಿ. ಆಮೇಲೆ ಹೊಸ ಆ್ಯಪ್‌ನಲ್ಲಿ ಒಂದೊಂದನ್ನೇ ಹುಡುಕಿ ಸೇರಿಸಬೇಕು. 40 ಶೋ ಇದ್ದರೆ ಒಂದು ಸಂಜೆಯ ಕೆಲಸ.

ಹುಡುಕಿದರೂ ಸಿಗದ ಶೋ ಇದ್ದರೆ ಅದರ ವೆಬ್‌ಸೈಟ್‌ಗೆ ಹೋಗಿ ಆರ್‌ಎಸ್‌ಎಸ್ ಅನ್ನುವ ಲಿಂಕ್ ಇದೆಯಾ ನೋಡಿ. ಸಾಮಾನ್ಯವಾಗಿ ಕಿತ್ತಳೆ ಬಣ್ಣದ ಗುರುತು, ಒಂದು ಚುಕ್ಕಿ ಮತ್ತು ಎರಡು ಕಮಾನು. ಪಾಡ್‌ಕಾಸ್ಟ್ ಇಂಡೆಕ್ಸ್ ಅನ್ನುವ ಮುಕ್ತ ಸೂಚಿಯೂ ಇದೆ. 2020ರಲ್ಲಿ ಶುರುವಾದದ್ದು. ಅಲ್ಲಿ ಹೆಸರು ಹಾಕಿ ಹುಡುಕಿದರೆ ಫೀಡ್ ವಿಳಾಸ ಸಿಗುತ್ತದೆ.

ಹಂತ 4: ಹೊಸ ಆ್ಯಪ್ ಆರಿಸುವಾಗ

ಜನ ಮೊದಲು ನೋಡುವುದು ಅಂದಚೆಂದ. ನೀವು ಮೊದಲು ನೋಡಬೇಕಾದದ್ದು ಹೊರಗೆ ಹೋಗುವ ಬಾಗಿಲು. ಒಂದು ಸಲ ಸುಟ್ಟುಕೊಂಡವರು ಇಷ್ಟಂತೂ ಕೇಳಿಯೇ ಕೇಳಬೇಕು: ಈ ಆ್ಯಪ್ ಒಪಿಎಂಎಲ್ ತೆಗೆದುಕೊಳ್ಳುತ್ತದೆಯಾ? ನಾಳೆ ನಾನು ಹೊರಟರೆ ಒಪಿಎಂಎಲ್ ಕೊಡುತ್ತದೆಯಾ? ಫೀಡ್ ವಿಳಾಸ ಅಂಟಿಸಿ ಶೋ ಸೇರಿಸಬಹುದಾ? ಮೂರಕ್ಕೂ ಹೌದು ಅನ್ನುವ ಆ್ಯಪ್‌ಗಳಿರುವಾಗ ಬೇರೆಯದಕ್ಕೆ ಯಾಕೆ ಹೋಗಬೇಕು?

ಆಂಡ್ರಾಯ್ಡ್ ಫೋನ್ ಇರುವವರಿಗೆ ನಾನು ಮೊದಲು ಹೇಳುವುದು ಆಂಟೆನಾಪಾಡ್. 2012ರಿಂದ ಇದೆ. ಸ್ವಯಂಸೇವಕರು ಕೂಡಿ ಮಾಡುವ, ಕೋಡ್ ಎಲ್ಲರಿಗೂ ತೆರೆದಿಟ್ಟ ಆ್ಯಪ್. ಖಾತೆ ತೆರೆಯಬೇಕಾಗಿಲ್ಲ, ದುಡ್ಡು ಕೊಡಬೇಕಾಗಿಲ್ಲ, ಆ್ಯಪ್‌ನ ಕಡೆಯಿಂದ ಜಾಹೀರಾತೂ ಇಲ್ಲ. ಒಪಿಎಂಎಲ್ ಅಷ್ಟೇ ಅಲ್ಲ, ಕೇಳಿದ್ದು ಬಿಟ್ಟದ್ದರ ಲೆಕ್ಕವೂ ಸೇರಿದ ಪೂರ್ತಿ ಡೇಟಾಬೇಸನ್ನೇ ಒಂದು ಕಡತವಾಗಿ ತೆಗೆದಿಡಬಹುದು. ಅದು ಇನ್ನೊಂದು ಫೋನ್‌ನ ಆಂಟೆನಾಪಾಡ್‌ನಲ್ಲಿ ಹಾಗೇ ಕೂರುತ್ತದೆ. ಎಷ್ಟನೇ ನಿಮಿಷ ಅನ್ನುವುದೂ ಉಳಿಯುತ್ತದೆ.

ಫೋನ್‌ನಲ್ಲಿ ಬಿಟ್ಟದ್ದನ್ನು ಕಂಪ್ಯೂಟರ್‌ನಲ್ಲಿ ಮುಂದುವರಿಸುವ ಅಭ್ಯಾಸ ಇದ್ದರೆ ಪಾಕೆಟ್ ಕಾಸ್ಟ್ಸ್ ನೋಡಿ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದೆ. ಇದರ ಕಥೆಯೂ ಸ್ವಲ್ಪ ಗೊತ್ತಿರಲಿ. 2018ರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೋ ಸಂಸ್ಥೆಗಳು ಕೂಡಿ ಇದನ್ನು ಕೊಂಡವು, 2021ರಲ್ಲಿ ಆಟೊಮ್ಯಾಟಿಕ್ ಕಂಪನಿಯ ಕೈಗೆ ಬಂತು, ಮರುವರ್ಷ ಅದರ ಮೊಬೈಲ್ ಆ್ಯಪ್‌ಗಳ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಒಡೆಯರು ಬದಲಾದರೂ ಆ್ಯಪ್ ಉಳಿದ ಅಪರೂಪದ ಉದಾಹರಣೆ.

ಐಫೋನ್‌ನಲ್ಲಿ ಓವರ್‌ಕಾಸ್ಟ್ ಇದೆ. 2014ರಿಂದ ಮಾರ್ಕೊ ಆರ್ಮೆಂಟ್ ಅನ್ನುವ ಒಬ್ಬರೇ ಡೆವಲಪರ್ ಮಾಡಿಕೊಂಡು ಬಂದಿದ್ದಾರೆ. ಒಪಿಎಂಎಲ್ ಒಳಗೂ ಬರುತ್ತದೆ, ಹೊರಗೂ ಹೋಗುತ್ತದೆ. ಐಫೋನ್ ಜೊತೆಗೇ ಬರುವ ಆ್ಯಪಲ್ ಪಾಡ್‌ಕಾಸ್ಟ್ಸ್‌ನಲ್ಲೂ ಫೀಡ್ ವಿಳಾಸ ಅಂಟಿಸಿ ಶೋ ಸೇರಿಸಬಹುದು. ಯೂಟ್ಯೂಬ್ ಮ್ಯೂಸಿಕ್‌ನಲ್ಲೂ ಅದಕ್ಕೆ ಅವಕಾಶ ಇದೆ, ಆದರೆ ಅಲ್ಲಿ ಹಾಡು, ವಿಡಿಯೋ, ಪಾಡ್‌ಕಾಸ್ಟ್ ಎಲ್ಲ ಒಂದೇ ಕಡೆ. ಕಣ್ಣು ಮುಚ್ಚಿ ಮಾತು ಕೇಳುವವರಿಗೆ ಅದು ಗಲಾಟೆ ಅನ್ನಿಸುತ್ತದೆ. ಸ್ಪಾಟಿಫೈನಲ್ಲಿ ಕೇಳುಗರು ತಮಗೆ ಬೇಕಾದ ಫೀಡ್ ವಿಳಾಸ ಹಾಕಿ ಶೋ ಸೇರಿಸುವ ಹಾಗಿಲ್ಲ, ಒಪಿಎಂಎಲ್ ಕೂಡ ಓದುವುದಿಲ್ಲ. ಅಲ್ಲಿ ಮಾತ್ರ ಸಿಗುವ ಶೋ ಇದ್ದರೆ ಅದಕ್ಕಷ್ಟೇ ಇಟ್ಟುಕೊಳ್ಳಿ. ಇಡೀ ಪಟ್ಟಿಯನ್ನು ಅಲ್ಲಿ ಕಟ್ಟಬೇಡಿ ಅನ್ನುವುದು ನನ್ನ ಸಲಹೆ.

ಆರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಹೊಸ ಆ್ಯಪ್‌ಗೆ ನಾಲ್ಕೈದು ಶೋ ಸೇರಿಸಿ, ಕೂಡಲೇ ಎಕ್ಸ್‌ಪೋರ್ಟ್ ಮಾಡಿ ನೋಡಿ. ಕಡತ ಬಂತಾ? ತೆರೆದರೆ ಆ ಶೋಗಳು ಇವೆಯಾ? ಇದ್ದರೆ ಧೈರ್ಯವಾಗಿ ಒಳಗೆ ಹೋಗಿ.

ಹಂತ 5: ಸಾಗಿಸುವ ದಿನ

ಇಂಪೋರ್ಟ್ ಒತ್ತುವ ಮುಂಚೆ ಒಂದು ಕೆಲಸ ತಪ್ಪದೆ ಮಾಡಿ. ಹೊಸ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಆಟೋ ಡೌನ್‌ಲೋಡ್ ಆಫ್ ಮಾಡಿ, ನೋಟಿಫಿಕೇಶನ್ ಕೂಡ ಆಫ್ ಮಾಡಿ. ಇಲ್ಲದಿದ್ದರೆ ಅರವತ್ತು ಎಪ್ಪತ್ತು ಶೋಗಳು ಒಟ್ಟಿಗೇ ಹೊಸ ಎಪಿಸೋಡ್ ಇಳಿಸಲು ಶುರು ಮಾಡುತ್ತವೆ. ಮೊಬೈಲ್ ಡೇಟಾ ಖಾಲಿ, ಫೋನ್‌ನ ಜಾಗ ಭರ್ತಿ. ವೈಫೈ ಇರುವ ಕಡೆ ಕೂತು ಮಾಡುವುದು ಇನ್ನೂ ಒಳ್ಳೆಯದು.

ಇಂಪೋರ್ಟ್ ಆದ ಮೇಲೆ ಮತ್ತೆ ಎಣಿಸಿ. ಕಡಿಮೆ ಬಂದಿದ್ದರೆ ಕಾರಣ ಸಾಮಾನ್ಯವಾಗಿ ಎರಡೇ. ಕೆಲವು ಶೋಗಳು ಎಂದೋ ನಿಂತು ಅವುಗಳ ಫೀಡ್ ಕೂಡ ಹೋಗಿರುತ್ತದೆ. ಇನ್ನು ಕೆಲವು ತಮ್ಮ ಫೀಡನ್ನು ಬೇರೆ ವಿಳಾಸಕ್ಕೆ ಸಾಗಿಸಿರುತ್ತವೆ. ಎರಡನೆಯ ಥರದವನ್ನು ಹೆಸರಿನಿಂದ ಹುಡುಕಿದರೆ ಹೊಸ ವಿಳಾಸದಲ್ಲಿ ಸಿಗುತ್ತವೆ.

ಈಗ ಕಾಗದದಲ್ಲಿ ಬರೆದುಕೊಂಡದ್ದನ್ನು ಮುಂದೆ ಇಟ್ಟುಕೊಳ್ಳಿ. ನಡುವೆ ನಿಂತಿದ್ದ ಪ್ರತಿ ಶೋಗೂ ಹೋಗಿ, ಕೇಳಿದ ಹಳೆಯ ಎಪಿಸೋಡ್‌ಗಳನ್ನು ‘ಕೇಳಿದ್ದು’ ಅಂತ ಗುರುತು ಮಾಡಿ. ಒಂದೊಂದನ್ನೇ ಒತ್ತುವುದು ಬೇಡ. ಒಂದು ಎಪಿಸೋಡನ್ನು ಒತ್ತಿ ಹಿಡಿದರೆ, ಅಲ್ಲಿಂದ ಹಿಂದಿನದೆಲ್ಲ ಆರಿಸಿಕೊಳ್ಳುವ ಅನುಕೂಲ ಹಲವು ಆ್ಯಪ್‌ಗಳಲ್ಲಿ ಇದೆ. 212ನೇ ಎಪಿಸೋಡ್ ಪಟ್ಟಿಯ ತಲೆಗೆ ಬಂದು ಕೂತಾಗ ಸಿಗುವ ಸಮಾಧಾನ ಎಷ್ಟು ಅಂತ ಅನುಭವಿಸಿದವರಿಗೇ ಗೊತ್ತು.

ಆಮೇಲೆ ವೇಗ, ಮೌನ ಕತ್ತರಿಸುವುದು, ನಿದ್ದೆಯ ಟೈಮರ್, ಎಷ್ಟು ಸೆಕೆಂಡ್ ಹಿಂದಕ್ಕೆ ಮುಂದಕ್ಕೆ ಹೋಗಬೇಕು ಅನ್ನುವುದು, ಇವನ್ನೆಲ್ಲ ಹಳೆ ಆ್ಯಪ್‌ನಲ್ಲಿ ಇದ್ದಂತೆಯೇ ಇಟ್ಟುಕೊಳ್ಳಿ. ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ‘ಹೊಸ ಆ್ಯಪ್ ಯಾಕೋ ಒಗ್ಗುತ್ತಿಲ್ಲ’ ಅನ್ನುವವರ ತೊಂದರೆ ಎಷ್ಟೋ ಸಲ ಇಷ್ಟೇ ಆಗಿರುತ್ತದೆ. 10 ಸೆಕೆಂಡ್ ಹಿಂದಕ್ಕೆ ಹೋಗುತ್ತಿದ್ದ ಬಟನ್ ಈಗ 30 ಸೆಕೆಂಡ್ ಹೋಗುತ್ತಿರುತ್ತದೆ, ಅಲ್ವಾ? ಕೈಗೆ ಅದು ಪರಕೀಯ ಅನ್ನಿಸುತ್ತದೆ.

ಎರಡು ವಾರ ಎರಡೂ ಆ್ಯಪ್ ಫೋನ್‌ನಲ್ಲಿ ಇರಲಿ. ಏನೂ ಬಿಟ್ಟುಹೋಗಿಲ್ಲ ಅಂತ ಖಾತ್ರಿಯಾದ ಮೇಲೆ ಹಳೆಯದನ್ನು ತೆಗೆಯಿರಿ.

ದುಡ್ಡು ಕಟ್ಟಿದ್ದರೆ, ದೂರು ಹೇಳುವುದಿದ್ದರೆ

ಆ್ಯಪ್ ತೆಗೆದರೆ ಚಂದಾ ತಾನಾಗಿ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನ ಚಂದಾ ಪಟ್ಟಿಗೆ ಹೋಗಿ ನೀವೇ ರದ್ದು ಮಾಡಬೇಕು. ವರ್ಷದ ಚಂದಾ ಈಗಷ್ಟೇ ಕಟ್ಟಿದ್ದರೆ ಉಳಿದ ತಿಂಗಳ ದುಡ್ಡು ವಾಪಸ್ ಕೇಳಿ. ಕೇಳದೆ ಬರುವುದು ಕಡಿಮೆ.

ಕಂಪನಿಗೆ ಬರೆಯುವಾಗ ಸಿಟ್ಟಿನ ಜೊತೆ ಒಂದೆರಡು ನಿರ್ದಿಷ್ಟ ಬೇಡಿಕೆ ಇರಲಿ. ಒಪಿಎಂಎಲ್ ಎಕ್ಸ್‌ಪೋರ್ಟ್ ಕೊಡಿ, ಕೇಳಿದ ಎಪಿಸೋಡ್‌ಗಳ ಲೆಕ್ಕವನ್ನೂ ಕೊಡಿ, ಕೊನೆಯ ದಿನಾಂಕ ಮುಂದಕ್ಕೆ ಹಾಕಿ. ‘ಯಾಕೆ ಮುಚ್ಚಿದಿರಿ’ ಅನ್ನುವುದಕ್ಕೆ ಸಿದ್ಧ ಉತ್ತರ ಇರುತ್ತದೆ. ‘ನನ್ನ ಪಟ್ಟಿ ಕೊಡಿ’ ಅನ್ನುವುದಕ್ಕೆ ಏನಾದರೂ ಮಾಡಲೇಬೇಕಾಗುತ್ತದೆ. ಆ್ಯಪ್ ಮಾಡಿದ ಕೆಲಸಗಾರರನ್ನು ಬೈಯಬೇಡಿ. ಮುಚ್ಚುವ ತೀರ್ಮಾನ ಅವರದ್ದಾಗಿರುವುದು ಅಪರೂಪ, ಅವರಿಗೂ ಅವತ್ತು ಒಳ್ಳೆಯ ದಿನ ಆಗಿರುವುದಿಲ್ಲ.

ನೀವೇ ಪಾಡ್‌ಕಾಸ್ಟ್ ಮಾಡುವವರಾಗಿದ್ದರೆ ನಿಮ್ಮ ಕೆಲಸ ಇನ್ನೊಂದಿದೆ. ನಿಮ್ಮ ವೆಬ್‌ಸೈಟ್‌ನಲ್ಲಿ, ಹಳೆ ಪೋಸ್ಟ್‌ಗಳಲ್ಲಿ ಮುಚ್ಚುವ ಆ್ಯಪ್‌ನ ಲಿಂಕ್ ಕೊಟ್ಟಿದ್ದರೆ ಅವೆಲ್ಲ ಸತ್ತ ಲಿಂಕ್ ಆಗುತ್ತವೆ. ಹುಡುಕಿ ಬದಲಾಯಿಸಿ. ಫೀಡ್ ವಿಳಾಸವನ್ನು ಎಲ್ಲರಿಗೂ ಕಾಣುವ ಕಡೆ ಹಾಕಿ. ಮುಂದಿನ ಎರಡು ಮೂರು ಎಪಿಸೋಡ್‌ಗಳ ಶುರುವಿನಲ್ಲೇ, ಈ ಆ್ಯಪ್‌ನಲ್ಲಿ ಕೇಳುವವರು ಹೀಗೆ ಮಾಡಿ ಅಂತ ಬಾಯಲ್ಲಿ ಹೇಳಿ. ಕೆಲಸ ಮಾಡುತ್ತಾ ಕೇಳುವವರು ಪರದೆ ನೋಡುವುದಿಲ್ಲ, ನಿಮ್ಮ ದನಿ ಮಾತ್ರ ಅವರನ್ನು ಮುಟ್ಟುತ್ತದೆ.

ಮನೆಯ ಹಿರಿಯರ ಫೋನ್ ಮರೆಯಬೇಡಿ

ನಮ್ಮ ಪಟ್ಟಿ ಉಳಿಸಿಕೊಂಡು ನಾವು ಸುಮ್ಮನಾಗಿಬಿಡುತ್ತೇವೆ. ನಾವೇ ಅಪ್ಪ ಅಮ್ಮನ ಫೋನ್‌ಗೆ ಹಾಕಿಕೊಟ್ಟ ಅದೇ ಆ್ಯಪ್ ಅಲ್ಲೂ ನಿಲ್ಲುತ್ತದೆ ಅನ್ನುವುದು ಹೊಳೆಯುವುದೇ ಇಲ್ಲ. ಇಂಗ್ಲಿಷಿನಲ್ಲಿ ಬಂದ ಸೂಚನೆಯನ್ನು ಅವರು ಓದಿರುವುದಿಲ್ಲ. ಒಂದು ದಿನ ದನಿ ಬರುವುದು ನಿಂತರೆ ‘ನಾನೇ ಏನೋ ಒತ್ತಿ ಕೆಡಿಸಿದೆ’ ಅಂದುಕೊಂಡು ಯಾರಿಗೂ ಹೇಳದೆ ಬಿಟ್ಟುಬಿಡುತ್ತಾರೆ.

ಅಮ್ಮ ಕೇಳುವುದು ಒಂಬತ್ತೇ ಶೋ. ಅವಳಿಗೆ ಶೋಗಳ ಹೆಸರಿಗಿಂತ ಚಿತ್ರ ಗೊತ್ತು. ಎರಡನೇ ಸಾಲಿನ ಹಸಿರು ಚಿತ್ರ ಅಂದರೆ ಆರೋಗ್ಯದ್ದು, ಅದರ ಪಕ್ಕದ್ದು ಕಥೆಯದ್ದು. ಹಾಗಾಗಿ ಹೊಸ ಆ್ಯಪ್ ಹಾಕುವ ಮುಂಚೆ ಹಳೆಯದರ ಪರದೆಯ ಫೋಟೋ ತೆಗೆದುಕೊಂಡೆ. ಹೊಸದರಲ್ಲೂ ಶೋಗಳನ್ನು ಅದೇ ಕ್ರಮಕ್ಕೆ ತಂದೆ. ಹಳೆ ಐಕಾನ್ ಇದ್ದ ಜಾಗದಲ್ಲೇ ಹೊಸ ಐಕಾನ್ ಇಟ್ಟೆ. ಅಕ್ಷರದ ಗಾತ್ರ ಹೆಚ್ಚು ಮಾಡಿದೆ. ಅವಳ ಕೈಗೇ ಫೋನ್ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ನೋಡಿದೆ. ಎಲ್ಲಿ ತಡವರಿಸಿದಳೋ ಅಲ್ಲಿ ಮಾತ್ರ ಹೇಳಿಕೊಟ್ಟೆ. ಒಪಿಎಂಎಲ್ ಕಡತವನ್ನು ನನ್ನ ಇಮೇಲ್‌ಗೆ ಕಳಿಸಿಕೊಂಡೆ, ನನ್ನ ಕಡತದ ಪಕ್ಕದಲ್ಲೇ ಅದೂ ಇದೆ. ಮೂರು ತಿಂಗಳಿಗೊಮ್ಮೆ ಎರಡನ್ನೂ ಹೊಸದಾಗಿ ತೆಗೆಯಲು ಫೋನ್‌ನಲ್ಲಿ ಜ್ಞಾಪನೆ ಇಟ್ಟಿದ್ದೇನೆ.

ಮೂರನೇ ದಿನ ಕೇಳಿದೆ, ಎಲ್ಲ ಸರಿ ಇದೆಯಾ ಅಮ್ಮ ಅಂತ. ‘ಎಲ್ಲಾ ಇದೆ ಕಣೇ. ಆದರೆ ಯಾಕೋ ಎಲ್ಲರೂ ಓಡೋಡಿಕೊಂಡು ಮಾತಾಡುತ್ತಿದ್ದಾರೆ’ ಅಂದಳು. ಫೋನ್ ತೆಗೆದು ನೋಡಿದರೆ ವೇಗ 1.2ಕ್ಕೆ ಕೂತಿತ್ತು. 1ಕ್ಕೆ ಇಳಿಸಿಕೊಟ್ಟೆ.